ಒಂದು ಗೆರೆ ಕಡಿಮೆ ಬಿದ್ದ ಗಾಣ

ಸೌಭಾಗ್ಯವತಿ ಲೀಲಾಕ್ಷಿ ಅಕ್ಕನವರಿಗೆ,

ಪುಣೆಯ ಚಂದನನಗರದಿಂದ ಎಣ್ಣೆ ಗಾಣದ ಸಿದ್ರಾಮಪ್ಪ ಮಾಡುವ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ಎದುರಿನ ಹೋಟೆಲು ಬಿಟ್ಟು ನೀವು ಕ್ಯಾಂಟೀನು ಹಿಡಿದು ಹೋದ ರಾಂಜಣಗಾಂವದಿಂದ ನಿಮ್ಮ ಕ್ಷೇಮದ ವರದಿಯನ್ನು ನಿಮ್ಮ ಮಗ ಸುಖೇಶನ ವ್ಯಾನು ವಾರಕ್ಕೆರಡು ಸಲ ತರುತ್ತದೆ, ಆದ್ದರಿಂದ ಅದನ್ನು ಕೇಳಿ ಕಾಗದ ತುಂಬಿಸುವುದಿಲ್ಲ.

ಮೊದಲು ಖರ್ಚಿನ ಪಟ್ಟಿ. ನಮ್ಮಿಬ್ಬರ ಜಗಳಕ್ಕೆ ಈವರೆಗೆ ತಗುಲಿದ್ದು ಇಷ್ಟು: ಆರು ವರ್ಷ ನಾಲ್ಕು ತಿಂಗಳು. ನೀವು ವಾಪಸ್ ಕಳಿಸಿದ ಎಣ್ಣೆ ಡಬ್ಬಿ ನಲವತ್ತಮೂರು. ಕಮಟು ಹಿಡಿದ ಚಕ್ಕುಲಿ ಇನ್ನೂರ ಹನ್ನೆರಡು ಪೊಟ್ಟಣ. ನನ್ನ ನೀಲಿ ಅಂಚಿನ ಕರವಸ್ತ್ರ ಒಂದು. ಯಂತ್ರದ ಹೊಟ್ಟೆಗೆ ಹೋದ ಕುಸುಬಿ ಕಾಳಿನ ಚೂರುಗಳು ಸಾವಿರದ ಮೇಲೆ. ಮುಳ್ಳು ಚುಚ್ಚಿಸಿಕೊಂಡ ಬೆರಳುಗಳನ್ನು ಯಾರೂ ಎಣಿಸಿಲ್ಲ. ದೀಪಾವಳಿಯ ಫರಾಳದ ತಿಂಡಿಯ ತಾಟು ಆರು ಸಲ ನಮ್ಮ ಮನೆಯಿಂದ ಹೋಗಲಿಲ್ಲ, ಆರು ಸಲ ನಿಮ್ಮ ಮನೆಯಿಂದ ಬರಲಿಲ್ಲ. ದುಡ್ಡಿನ ಬಾಬತ್ತು ಬರೆಯುವುದಿಲ್ಲ. ಅದು ಬಂದು ಹೋಗುವ ನೆಂಟ. ಬರೆಯಲೇಬೇಕಾದ ದೊಡ್ಡ ಖರ್ಚು ಒಂದೇ: ನಿಮ್ಮ ಮೂಗಿನ ಮರ್ಯಾದೆ. ಅದನ್ನು ಖರ್ಚು ಮಾಡಿದವನು ನಾನು, ಅದೂ ನಾಲ್ಕು ಜನ ಗಿರಾಕಿಗಳ ಎದುರಿಗೆ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಮೇಲಾಗಿ, ಬಾಯಿಮಾತು ನಡೆಯುವುದಿಲ್ಲವೆಂದು ನೀವೇ ಕರಾರು ಹಾಕಿದ್ದಿರಿ. ಆ ಕರಾರಿನ ಪ್ರಕಾರ ಈ ಕಾಗದ.

ನಿಮಗೆ ನೆನಪಿರಬೇಕು, ನಾವು ಮೊಟ್ಟಮೊದಲು ಮಾತಾಡಿದ್ದೇ ವಾಸನೆಯ ವಿಷಯ. ಹತ್ತೊಂಬತ್ತು ವರ್ಷದ ಹಿಂದೆ, ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊತ್ತ ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡು, ಹಳೆಯ ಮರದ ಗಾಣವೊಂದನ್ನು ಕೊಂಡು, ಅದಕ್ಕೆ ಮೋಟಾರು ಕಟ್ಟಿ ಅಂಗಡಿ ತೆರೆದಿದ್ದೆ. ಬೋರ್ಡು ಬರೆಯುವವನು ಅಕ್ಷರಕ್ಕೆ ಇಷ್ಟು ಎಂದು ದರ ಹೇಳಿದ. ಅವನ ಕೈಗೆ ಬಿಟ್ಟರೆ ಅಕ್ಷರ ಬೆಳೆಸುತ್ತಾನೆಂದು ನಾನೇ ಚೀಟಿ ಬರೆದುಕೊಟ್ಟೆ: ‘ಶುದ್ಧ ತೇಲಾಚಾ ಘಾಣ’, ಶುದ್ಧ ಎಣ್ಣೆಯ ಗಾಣ ಎಂದು. ನಮ್ಮ ಗಾಣಕ್ಕೆ ಒಂದಿಷ್ಟು ಉಸಿರು ಸೇರಿಸಿ ಘಾಣ ಎಂದರೆ ಮರಾಠಿ ಆಯಿತು ಎಂಬುದು ನನ್ನ ವ್ಯಾಕರಣ. ಮರಾಠಿಯಲ್ಲಿ ಎಣ್ಣೆ ಹಿಂಡುವುದು ಘಾಣಾ. ಕೊನೆಗೆ ದೀರ್ಘದ ಒಂದು ಗೆರೆ ಹೆಚ್ಚು. ಆ ಗೆರೆ ಇಲ್ಲದ ಘಾಣ ಎಂದರೆ ಹೊಲಸು, ಗಬ್ಬುನಾತ. ಮೂರು ದಿನ ಜನ ಬೋರ್ಡಿನ ಕೆಳಗೆ ನಿಂತು ನಕ್ಕರು. ವ್ಯಾಪಾರ ಕುದುರಿತು ಎಂದು ನಾನು ಒಳಗಿನಿಂದ ಕೈಮುಗಿದೆ.

ನಾಲ್ಕನೆಯ ದಿನ ಎದುರು ಸಾಲಿನ ಹೋಟೆಲಿನಿಂದ ನೀವು ಸೆರಗು ಸಿಕ್ಕಿಸಿಕೊಂಡು ಬಂದಿರಿ. "ಎಂತ ಮಾರಾಯ್ರೇ, ಇದು ಎಣ್ಣೆ ಅಂಗಡಿಯಾ, ಗಬ್ಬಿನ ಅಂಗಡಿಯಾ? ಒಂದು ಗೆರೆ ಎಳೀಲಿಕ್ಕೆ ಹೇಳಿ ಆ ಬೋರ್ಡಿನವನಿಗೆ" ಅಂದಿರಿ. ಅವನು ಆ ಒಂದು ಗೆರೆಗೆ ಅರ್ಧ ಅಕ್ಷರದ ದರ ತೆಗೆದುಕೊಂಡ. ಗೆರೆ ಬಿತ್ತು, ಆದರೆ ನಿಮ್ಮ ಬಾಯಲ್ಲಿ ನನ್ನ ಹೆಸರು ಬದಲಾಗಲಿಲ್ಲ. ಅಂದಿನಿಂದ ನಾನು ನಿಮಗೆ ‘ಘಾಣದವರು’. ಬೇಕೆಂದೇ ಆ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಕರೆಯುತ್ತಿದ್ದಿರಿ; ಕ್ಯಾಶ್ ಕೌಂಟರಿನಲ್ಲಿ ಕೂತ ನಿಮ್ಮ ಯಜಮಾನರು ಭುಜಂಗ ಶೆಟ್ಟರು ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಆಗಿನಿಂದಲೇ ನೀವು ನನ್ನ ಕುಸುಬಿ ಎಣ್ಣೆಯ ಗಿರಾಕಿ. ದೀಪಾವಳಿಯ ಚಕ್ಕುಲಿ, ಚಿವಡಾ, ವರ್ಷವಿಡೀ ಚಟ್ನಿಪುಡಿ, ಉಪ್ಪಿನಕಾಯಿ, ಎಲ್ಲಕ್ಕೂ ಅದೇ. ಕುಸುಬಿ ಬರುತ್ತಿದ್ದದ್ದು ಇಂಡಿ ತಾಲ್ಲೂಕಿನ ಭೀಮವ್ವ ಎಂಬ ರೈತ ಮಹಿಳೆಯ ಹೊಲದಿಂದ. ಹೆಣ್ಣುಮಗಳು ಒಬ್ಬಳೇ ಇಪ್ಪತ್ತು ಎಕರೆ ಆಳುತ್ತಾಳೆ. ದರ ಮಾತಾಡುವಾಗ ನನ್ನನ್ನೇ ಬೆವರಿಸುತ್ತಾಳೆ. ಎಣ್ಣೆ ನಿಮಗೆ ತಿಂಗಳಿಗೆ ಎರಡು ಮೂರು ಡಬ್ಬಿ ಬರುತ್ತಿತ್ತು. ಕೆಲವನ್ನು ಮುಚ್ಚಳ ತೆಗೆದು, ಒಂದು ಸಲ ಮೂಸಿ, ಅಡಿಗೆಗೆ ಇಳಿಸುತ್ತಿದ್ದಿರಿ. ಕೆಲವನ್ನು ಎರಡು ವಾರ ಬಿಟ್ಟು "ಕಮಟು ಹಿಡಿದಿದೆ" ಎಂದು ವಾಪಸ್ ಕಳಿಸುತ್ತಿದ್ದಿರಿ.

ಮಾರಿದ್ದನ್ನು ಎಲ್ಲರೂ ಬರೆಯುತ್ತಾರೆ; ವಾಪಸ್ ಬಂದದ್ದನ್ನು ಬರೆಯುವವನೇ ವ್ಯಾಪಾರಿ. ನನ್ನದೊಂದು ಕೆಂಪು ರಟ್ಟಿನ ವಾಪಸ್ ವಹಿ ಇತ್ತು. ತಾರೀಖು, ಗಿರಾಕಿ, ಏನು ಹೇಳಿ ವಾಪಸ್ ಮಾಡಿದರು, ಯಾವ ಚೀಲದ ಕಾಳು, ಆ ಚೀಲದ ಬಾಯಿ ಯಾವ ದಾರದಿಂದ ಹೊಲಿದದ್ದು, ಎಲ್ಲ ಬರೆಯುತ್ತಿದ್ದೆ. ದಾರದ ವಿಷಯ ಏಕೆಂದರೆ, ಲಾರಿಯಲ್ಲಿ ಚೀಲ ಅದಲುಬದಲಾಗುವುದುಂಟು. ಭೀಮವ್ವನ ಚೀಲಗಳಲ್ಲಿ ಹೆಚ್ಚಿನವು ಸುತಳಿಯಿಂದ ಹೊಲಿದವು. ಕೆಲವು ಮಾತ್ರ ಹಳೆಯ ಸೀರೆಯ ಅಂಚು ಹರಿದು ಹೊಲಿದವು. ಸುತಳಿ ಮುಗಿದಿರಬೇಕು ಎಂದುಕೊಂಡಿದ್ದೆ. ಹನ್ನೆರಡು ವರ್ಷ ಹಾಗೆಯೇ ಅಂದುಕೊಂಡೆ.

ಇನ್ನು ಆ ದಿನ.

ಖರಾಡಿಯ ಒಂದು ಕಂಪನಿಗೆ ನಾಲ್ಕುನೂರು ಪೊಟ್ಟಣ ಚಕ್ಕುಲಿಯ ಆರ್ಡರು ಬಂದಿತ್ತು ನಿಮಗೆ. ಹೋಟೆಲು ತೆರೆದ ಮೇಲೆ ಅಷ್ಟು ದೊಡ್ಡದು ಅದೇ ಮೊದಲು. ಒಂದೇ ದಿನ ನನ್ನಿಂದ ತಂದ ಎರಡು ಡಬ್ಬಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧರ್ಧ ಕರಿದಿರಿ. ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಇನ್ನೂರ ಹನ್ನೆರಡು ಪೊಟ್ಟಣ ವಾಪಸ್ ಬಂದವು. ನೀವು ಎರಡು ಚಕ್ಕುಲಿ ಹಿಡಿದು ನನ್ನ ಅಂಗಡಿಗೆ ಬಂದಿರಿ. "ಇದು ಮೊದಲನೇ ಡಬ್ಬಿದು, ಇದು ಎರಡನೇದು. ಮೂಸಿ ನೋಡಿ. ಒಂದು ನಿನ್ನೆ ಕರಿದ ಹಾಗೆ ಉಂಟು, ಇನ್ನೊಂದು ಸತ್ತ ಇಲಿ. ಒಂದರಲ್ಲಿ ಎಂತದೋ ಬೆರೆಸಿದ್ದೀರಿ ನೀವು" ಅಂದಿರಿ.

ಬೆರೆಸಿದ್ದೀರಿ ಎಂಬ ಮಾತು ಗಾಣದವನಿಗೆ ಹೇಳಬಾರದ ಮಾತು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ಚಕ್ಕುಲಿಯ ಕಡೆ ನೋಡಲೂ ಇಲ್ಲ. "ಅಕ್ಕಾರ, ಕುಸುಬಿ ಒಂದ, ಭೀಮವ್ವ ಒಬ್ಬಾಕಿ, ಗಾಣ ಒಂದ, ನಾನೂ ಒಬ್ಬನ. ಎರಡ ಆಗಿದ್ದು ನಿಮ್ಮ ಮೂಗು" ಅಂದೆ. ಜನ ನಕ್ಕರು. ನಕ್ಕಿದ್ದು ಕೇಳಿ ನನ್ನ ನಾಲಿಗೆಗೆ ಇನ್ನೂ ಎಣ್ಣೆ ಬಿತ್ತು. "ಮೀನಿನ ಊರಿನ ಮೂಗಿಗೆ ಕುಸುಬಿ ಏನ್ ತಿಳೀತದರಿ?" ಅಂದೆ. ಅಷ್ಟಕ್ಕೇ ನಿಲ್ಲದೆ, ಗಾಣದ ಪಕ್ಕ ಬಾಯಿ ತೆರೆದಿದ್ದ ಚೀಲದಿಂದ ಒಂದು ಮುಷ್ಟಿ ಕಾಳು ತೆಗೆದು, ಕರವಸ್ತ್ರದಲ್ಲಿ ಗಂಟು ಕಟ್ಟಿ, ನಿಮ್ಮ ಕಾಲ ಬಳಿ ಎಸೆದೆ. "ತಗೋರಿ, ನೀವ ಹಿಂಡಿ ನೋಡ್ರಿ."

ನೀವು ಬಗ್ಗಿ ಗಂಟನ್ನು ಎತ್ತಿಕೊಂಡು ಹೋದಿರಿ. ಬೈದಿದ್ದರೆ ಆ ರಾತ್ರಿ ಊಟ ಸೇರುತ್ತಿತ್ತು.

ಆಮೇಲೆ ಎರಡು ವರ್ಷ ಎದುರುಬದುರು ಸಾಲಿನಲ್ಲಿದ್ದೂ ನಾವು ಬೇರೆ ಊರಿನವರಂತೆ ಇದ್ದೆವು. ಆ ಕೆಟ್ಟ ಕೊರೊನಾ ಜ್ವರದ ಎರಡನೇ ಸುತ್ತಿನಲ್ಲಿ ನೀವು ಮಲಗಿದಿರಿ, ಎದ್ದಿರಿ. ಮೂಗು ಮಾತ್ರ ಏಳಲಿಲ್ಲ ಎಂದು ಕೇಳಿದೆ. ನೋಡಲು ಬರಬೇಕಿತ್ತು. ಏನು ಮುಖ ಹೊತ್ತು ಬರುವುದು ಎಂದು ನಿಮ್ಮ ಹೋಟೆಲಿನ ಬಾಗಿಲವರೆಗೆ ಬಂದು ಎರಡು ಸಲ ತಿರುಗಿ ಹೋದೆ. ಇದನ್ನು ಯಾವ ವಹಿಯಲ್ಲೂ ಬರೆದಿರಲಿಲ್ಲ, ಈಗ ಬರೆದಿದ್ದೇನೆ.

ಮುಂದಿನ ಮಳೆಗಾಲದಲ್ಲಿ ಮಂಜರಿ ಬಂದಳು. ನಮ್ಮ ವಿಜಯಪುರದ ಕಡೆಯ ಹುಡುಗಿ, ಎಣ್ಣೆಕಾಳಿನ ಮೇಲೆ ಸಂಶೋಧನೆ ಮಾಡುವ ಒಂದು ಕೇಂದ್ರದಲ್ಲಿ ಕೆಲಸ, ಖರಾಡಿಯ ಫ್ಲಾಟಿನಲ್ಲಿ ವಾಸ. ಎಣ್ಣೆ ಕೊಳ್ಳಲು ಬಂದವಳು, ಸ್ಟೂಲಿನ ಮೇಲಿದ್ದ ಕೆಂಪು ವಹಿ ತೆಗೆದು ಹಾಳೆ ತಿರುವಿದಳು. "ಕಾಕಾ, ಈ ಲೀಲಾಕ್ಷಿ ಶೆಟ್ಟಿ ಯಾರ್ರಿ? ಬರೀ ಇವ್ರದ ಹೆಸರ ಅದಲ್ಲ" ಅಂದಳು. ನನಗೆ ತಲೆಬೇನೆಯಾಗಿದ್ದ ಒಬ್ಬ ಅಕ್ಕಾರು ಅಂದೆ. ಅವಳು ವಹಿಯನ್ನು ಎರಡು ದಿನಕ್ಕೆ ಮನೆಗೆ ಒಯ್ದಳು. ವಾಪಸ್ ಬಂದವಳ ಕಣ್ಣು, ದೇವರಾಣೆ, ಲಾಟರಿ ಹತ್ತಿದವರ ಕಣ್ಣು.

"ಕಾಕಾ, ಇವ್ರು ನಲವತ್ತಮೂರು ಡಬ್ಬಿ ವಾಪಸ್ ಮಾಡ್ಯಾರ. ನಲವತ್ತಮೂರೂ ಸುತಳಿ ಚೀಲದ್ದು. ಸೀರಿ ಅಂಚಿನ ಚೀಲದ್ದು ಒಂದೂ ವಾಪಸ್ ಬಂದಿಲ್ಲ. ಒಂದರ ಒಂದೂ ಇಲ್ಲ. ಇದು ನಿಮಗ ಕಾಣಲಿಲ್ಲೇನ್ರಿ?"

ಬರೆದವನು ನಾನು, ಓದಿದವಳು ಆಕೆ. ಹನ್ನೆರಡು ವರ್ಷ ನಿಮ್ಮ ಸಾಕ್ಷಿಯನ್ನು ನನ್ನ ಕೈಯಿಂದಲೇ ಬರೆದಿಟ್ಟು, ಅದರ ಮೇಲೆ ಚಹಾದ ಕಪ್ಪು ಇಡುತ್ತಿದ್ದೆ.

ಅಂದೇ ಭೀಮವ್ವನಿಗೆ ಫೋನು ಹಚ್ಚಿದೆವು. ಸೀರೆಯ ಅಂಚು ಏಕೆ ಎಂದರೆ ಆಕೆ, ಇದೂ ಕೇಳುವ ಮಾತೇ ಎಂಬ ದನಿಯಲ್ಲಿ, "ಹೊಲದ ಕುಸುಬಿ ಪ್ಯಾಟಿಗೆ, ಅಂಚಿನ ಕುಸುಬಿ ಹುಗ್ಗಿಗೆ" ಅಂದಳು. ಹೊಲದ ನಡುವೆ ಪೊಟ್ಟಣದ ಬೀಜ. ದನ ಬರಬಾರದೆಂದು ಹೊಲದ ಅಂಚಿಗೆ ಮಾತ್ರ ಮುಳ್ಳು ಜೋರಾಗಿರುವ ಹಳೆಯ ಕುಸುಬಿ, ಅವಳ ತಾಯಿ ತವರಿನಿಂದ ಉಡಿಯಲ್ಲಿ ಕೊಟ್ಟದ್ದು. ಅದನ್ನು ಅರೆದು ಹಾಲು ತೆಗೆದು ಹುಗ್ಗಿ ಮಾಡಿದರೆ ಮರುದಿನವೂ ರುಚಿ ಕೆಡದೆಂದು ಬೀಜ ಬೇರೆ ಇಡುತ್ತಿದ್ದಳು. ಮನೆಗೆ ಮಿಕ್ಕದ್ದನ್ನು ಗುರುತಿಗೆ ಸೀರೆಯ ಅಂಚಿನಿಂದ ಹೊಲಿದು ನನಗೆ ಕಳಿಸುತ್ತಿದ್ದಳು. ಒಂದು ಬೊಗಸೆ ಬೀಜ ಬೇಕು ಎಂದಳು ಮಂಜರಿ. "ಎಲ್ಲೀದ ಯವ್ವಾ? ಆ ಮುಳ್ಳು ಕೊಯ್ಯಾಕ ಆಳು ಬರಂಗಿಲ್ಲ. ಬಿಟ್ಟು ಎರಡು ವರ್ಷ ಆತು. ಕಡೀ ಚೀಲ ನಿಮ್ಮ ಕಾಕಾಗ ಕಳಿಸೀನಿ, ಆ ದೀಪಾವಳಿಗೆ."

ಆ ದೀಪಾವಳಿಗೆ. ಗಾಣದ ಪಕ್ಕ ಬಾಯಿ ತೆರೆದು ನಿಂತಿದ್ದ ಆ ಚೀಲದ ಬಾಯಿಂದ ಸೀರೆಯ ಅಂಚು ಜೋತಾಡುತ್ತಿದ್ದದ್ದು ನನಗೆ ಆಗ ನೆನಪಾಯಿತು. ಚೀಲವನ್ನೆಲ್ಲ ಹಿಂಡಿ ಮಾರಿದ್ದೆ. ಹಿಂಡದೆ ಉಳಿದದ್ದು, ಉಳಿದಿದ್ದರೆ, ನಿಮ್ಮ ಕಾಲ ಬಳಿ ಎಸೆದ ಒಂದು ಮುಷ್ಟಿ.

ಮಂಜರಿಯನ್ನು ಮುಂದೆ ಮಾಡಿಕೊಂಡು ನಿಮ್ಮ ಹೋಟೆಲಿಗೆ ಬಂದೆ. ನೀವು ಗೋಡೆ ಬದಿಯ ಟೇಬಲಿನಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತಿದ್ದಿರಿ. "ಬನ್ನಿ ಘಾಣದವರೇ. ಈಗ ಧೈರ್ಯವಾಗಿ ಬನ್ನಿ. ನನ್ನ ಮೂಗು ಹೋಯ್ತು, ನೀವು ಸಗಣಿ ತಂದಿಟ್ಟರೂ ಮಲ್ಲಿಗೆ ಅಂತೇನೆ" ಎಂದು ನಕ್ಕಿರಿ. ಮಂಜರಿಯೇ ಎಲ್ಲ ಹೇಳಿದಳು. ನೀವು ಎದ್ದು ಒಳಗೆ ಹೋಗಿ, ಬ್ಯಾಡಗಿ ಮೆಣಸಿನಕಾಯಿ ಡಬ್ಬದ ತಳದಿಂದ ನೀಲಿ ಅಂಚಿನ ಗಂಟು ತೆಗೆದು ತಂದಿರಿ. ಎಸೆಯದೆ ಏಕೆ ಇಟ್ಟಿರೆಂದು ಕೇಳಿದಳು ಅವಳು. "ಜಿದ್ದಿಗೆ ಮಗಾ. ಜಿದ್ದಿಗಿಂತ ಒಳ್ಳೆ ಉಗ್ರಾಣ ಇಲ್ಲ" ಅಂದಿರಿ. ಮೆಣಸಿನ ಘಾಟಿಗೆ ಹುಳ ಹತ್ತಿರಲಿಲ್ಲ.

ಆದರೆ ಗಂಟನ್ನು ಮುಷ್ಟಿಯಲ್ಲೇ ಹಿಡಿದು ಕರಾರು ಹೇಳಿದಿರಿ. "ಮೂಗು ಈಗ ಸಾಕ್ಷಿ ಹೇಳುವುದಿಲ್ಲ. ಯಂತ್ರ ಹೇಳಲಿ. ಎರಡು ಎಣ್ಣೆ ಬೇರೆ ಅಂತಾದರೆ ಇವರು ತಪ್ಪಾಯ್ತು ಅಂತ ಬರೆದುಕೊಡಬೇಕು. ಒಂದೇ ಅಂತಾದರೆ ನಾನು ಬರೆದುಕೊಡ್ತೇನೆ. ಬಾಯಿಮಾತು ಬೇಡ, ಘಾಣದವರ ಬಾಯಿ ನನಗೆ ಗೊತ್ತುಂಟು." ಒಪ್ಪಿದೆ.

ಎಣಿಸಿದರೆ ನಾಲ್ಕುನೂರ ಹದಿನೆಂಟು ಕಾಳು. ಎಣಿಸುವಷ್ಟರಲ್ಲಿ ಮಂಜರಿ ಮೂವತ್ತು ಸಲ ಸೀನಿದಳು. ಮುಂದಿನದು ಅವಳ ಕೇಂದ್ರದಲ್ಲಿ ನಾನು ಕಣ್ಣಾರೆ ನೋಡಿದ್ದು. ಒಂದೊಂದು ಕಾಳನ್ನೂ ಚಿಮುಟದಲ್ಲಿ ಹಿಡಿದು, ಬ್ಲೇಡಿನಿಂದ ಅದರ ಬೆನ್ನಿನ ಕಡೆಯ ಚೂರು ಮಾತ್ರ ಕೊಯ್ಯುತ್ತಾರೆ. ಚೂರು ಯಂತ್ರಕ್ಕೆ, ಅದರಲ್ಲಿ ಯಾವ ಯಾವ ಬಗೆಯ ಕೊಬ್ಬು ಎಷ್ಟೆಷ್ಟಿದೆ ಎಂದು ಯಂತ್ರ ಎಣಿಸಿ ಹೇಳುತ್ತದೆ. ಮೊಳಕೆಯ ಕಡೆಯ ಭಾಗ ಮಣ್ಣಿಗೆ, ಅದು ಗಿಡವಾಗುತ್ತದೆ. ರುಚಿಯನ್ನೂ ನೋಡಿ ಫಲವನ್ನೂ ಉಳಿಸಿಕೊಳ್ಳುವ ಇಂಥ ವ್ಯಾಪಾರ ನಾನು ಜೀವಮಾನದಲ್ಲಿ ಮಾಡಿಲ್ಲ.

ಯಂತ್ರ ಹೇಳಿದ್ದನ್ನು ಮಂಜರಿ ನನಗೆ ಹೀಗೆ ಬಿಡಿಸಿದಳು. "ಕಾಳಿನಾಗ ಒಬ್ಬ ಕೆಲಸಗಾರ ಇರ್ತಾನ ತಿಳ್ಕೋರಿ ಕಾಕಾ. ಮೊದಲ ಒಲಿಯಿಕ್ ಅನ್ನೋ ಕೊಬ್ಬು ತಯಾರ ಆಗ್ತದ. ಇವ ಅದನ್ನ ಹಿಡಿದು ಲಿನೊಲಿಯಿಕ್ ಮಾಡ್ತಾನ. ಲಿನೊಲಿಯಿಕ್ ಕೆಟ್ಟದ್ದೇನಲ್ಲ, ಮೈಗೆ ಅದೂ ಬೇಕು. ಆದ್ರ ಗಾಳಿ ಕಂಡ್ರ ಲಗೂನ ಹೋ ಅಂತ ಕೂಡ್ಕೋತದ, ಎಣ್ಣಿ ಕಮಟು ಆಗ್ತದ. ಭೀಮವ್ವನ ಅಂಚಿನ ಕಾಳಿನಾಗ ಆ ಕೆಲಸಗಾರ ಕೆಲಸಕ್ಕ ಬಂದಿಲ್ಲ." ಒಲಿದು ನಿಲ್ಲುವುದು ಒಲಿಯಿಕ್, ನಿಲ್ಲದೆ ಗಾಳಿಯ ಜೊತೆ ಓಡಿಹೋಗುವುದು ಇನ್ನೊಂದು ಎಂದು ನಾನು ನೆನಪಿಟ್ಟುಕೊಂಡಿದ್ದೇನೆ. ಪೇಟೆಯ ಕುಸುಬಿಯಲ್ಲಿ ನೂರಕ್ಕೆ ಹದಿನೈದು ಪಾಲು ಮಾತ್ರ ಒಲಿಯಿಕ್. ನಿಮ್ಮ ಗಂಟಿನ ಕಾಳಿನಲ್ಲಿ ಎಪ್ಪತ್ತೆಂಟು. ಅದೂ ಒಂದೆರಡರಲ್ಲಲ್ಲ, ನಾಲ್ಕುನೂರ ಎರಡು ಕಾಳಿನಲ್ಲಿ.

ಕೆಲಸಗಾರ ಏಕೆ ಬರಲಿಲ್ಲ ಎಂದು ಕೇಳಿದೆ. ಆಳಿನ ವಿಷಯ ನನಗೆ ಮೊದಲಿನಿಂದಲೂ ಕುತೂಹಲ. "ಅವನ್ನ ಹ್ಯಾಂಗ ತಯಾರ ಮಾಡಬೇಕು ಅಂತ ಕಾಳಿನಾಗ ಬರದಿರ್ತದ ಕಾಕಾ. ಆ ಬರಹದಾಗ ಒಂದಕ್ಷರ ಬಿಟ್ಟು ಹೋಗ್ಯದ."

ಅಕ್ಕಾ, ಆ ಮಾತು ಕೇಳಿ ಆ ಶುಭ್ರವಾದ ಕೋಣೆಯಲ್ಲಿ, ಬಿಳಿ ಕೋಟಿನ ನಾಲ್ಕು ಜನರ ನಡುವೆ, ನಾನು ಹೊಟ್ಟೆ ಹಿಡಿದು ನಕ್ಕೆ. ನನ್ನ ಬೋರ್ಡಿನಲ್ಲಿ ಒಂದು ಗೆರೆ ಬಿಟ್ಟು ಒಳ್ಳೆಯ ಎಣ್ಣೆ ನಾರಿತು. ಭೀಮವ್ವನ ಕಾಳಿನಲ್ಲಿ ಒಂದಕ್ಷರ ಬಿಟ್ಟು ನಾರುವ ಎಣ್ಣೆ ನಾರದೆ ಉಳಿಯಿತು. ಎರಡು ತಪ್ಪನ್ನೂ ಮೊದಲು ಹಿಡಿದವರು ನೀವೇ. ಒಂದನ್ನು ಕಣ್ಣಿನಿಂದ, ಇನ್ನೊಂದನ್ನು ಮೂಗಿನಿಂದ.

ಕಾಳು ಹಳೆಯದಾಗಿತ್ತು. ಬಿತ್ತಿದ ಆ ನಾಲ್ಕುನೂರ ಎರಡರಲ್ಲಿ ಮೂವತ್ತೇಳು ಮಾತ್ರ ಮೊಳೆತವು. ಮೂವತ್ತೇಳಾದರೂ ಗಿಡವಾದವು, ಹಳದಿ ಹೂ ಬಿಟ್ಟವು. ಭೀಮವ್ವನನ್ನು ಕರೆಸಿ ತೋರಿಸಿದರೆ, "ಹೌದು, ಇದ ನಮ್ಮವ್ವನ ಕುಸುಬಿ. ಆದ್ರ ಮುಳ್ಳು ಹಾಂಗ ಅದಾವಲ್ಲ. ಬಂಗಾರ ಬಿಟ್ರೂ ನಾ ಬಿತ್ತಂಗಿಲ್ಲ" ಎಂದು ಕೈಕೊಡವಿದಳು. ಬಿತ್ತುವವರಿಲ್ಲದ ಬೀಜ ಸಂದೂಕದ ಒಡವೆ, ಇದ್ದೂ ಇಲ್ಲ. ಆದ್ದರಿಂದ ಮಂಜರಿ ಅದರ ಹೂವನ್ನು ಮುಳ್ಳಿಲ್ಲದ ತಳಿಯೊಂದರ ಹೂವಿನ ಜೊತೆ ಕೂಡಿಸಿದಳು. ಎಣ್ಣೆ ಇದರದು, ಮೈ ಅದರದು ಬರಲಿ ಎಂದು.

ಆ ಕೂಡಾವಳಿಯ ಮೊದಲ ಕಾಳುಗಳ ಚೂರನ್ನು ಯಂತ್ರಕ್ಕೆ ಕೊಟ್ಟ ದಿನ ನಾನೂ ಹೋಗಿದ್ದೆ. ಬಂದ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದೆ. ಒಂದು ಕಾಳೂ ಬಿಡದೆ ಎಲ್ಲ ಪೇಟೆಯ ಕುಸುಬಿ! ಆಮೇಲೆ ಬೆಳೆಸಿದ ಮೊದಲ ಪೀಳಿಗೆಯ ಗಿಡಗಳಿಗೋ ಮೈತುಂಬ ಮುಳ್ಳು. ಎಣ್ಣೆಯೂ ಹೋಯಿತು, ಮುಳ್ಳೂ ಉಳಿಯಿತು. ಅಕ್ಕನ ಗಂಟನ್ನು ಹಾಳು ಮಾಡಿದೆ, ಇನ್ನು ಯಂತ್ರದ ಸಾಕ್ಷಿಯನ್ನು ಯಾರು ನಂಬಬೇಕು ಎಂದು ಮನೆಗೆ ಬಂದು ಉಣ್ಣದೆ ಕೂತೆ. ಮಂಜರಿ ಮಾತ್ರ ನಗುತ್ತಿದ್ದಳು. "ಹೋಗಿಲ್ಲ ಕಾಕಾ, ಅಡಗಿ ಕುಂತದ. ಒಂದು ಬರಹ ಅವ್ವನ ಕಡಿಂದ, ಒಂದು ಅಪ್ಪನ ಕಡಿಂದ. ಎರಡರಾಗ ಒಂದು ಸರಿ ಇದ್ರೂ ಕೆಲಸಗಾರ ಬಂದ ಬರ್ತಾನ. ಎರಡೂ ಕಡಿ ಅಕ್ಷರ ಬಿಟ್ಟಾಗ ನಮ್ಮ ಎಣ್ಣಿ. ಮುಂದಿನ ಪೀಳಿಗಿಗೆ ತಡೀರಿ, ನಾಲ್ಕರಾಗ ಒಂದು ಬರ್ತದ."

ತಡೆದೆ. ಮುಂದಿನ ಪೀಳಿಗೆಯ ಆರುನೂರ ನಲವತ್ತು ಕಾಳು ಕೊಯ್ದು ನೋಡಿದರು. ನೂರ ಐವತ್ತೇಳರಲ್ಲಿ ನಮ್ಮ ಎಣ್ಣೆ! ನಾಲ್ಕರಲ್ಲಿ ಒಂದಕ್ಕೆ ಮೂರೇ ಕಡಿಮೆ. ಇಷ್ಟು ಪ್ರಾಮಾಣಿಕವಾದ ತೂಕ ಮಾರ್ಕೆಟ್ ಯಾರ್ಡಿನಲ್ಲಿ ನಾನು ಕಂಡಿಲ್ಲ. ಆ ನೂರ ಐವತ್ತೇಳನ್ನು ಬೆಳೆಸಿದರೆ ಮೂವತ್ತೆಂಟು ಗಿಡಕ್ಕೆ ಮುಳ್ಳಿಲ್ಲ. ಅಲ್ಲೂ ನಾಲ್ಕರಲ್ಲಿ ಒಂದರ ಆಸುಪಾಸು. ಭೀಮವ್ವ ಬಂದಳು. ಮೊದಲು ಒಂದೇ ಬೆರಳಿನಿಂದ ಮುಟ್ಟಿದಳು, ಆಮೇಲೆ ಅಂಗೈಯಿಂದ, ಆಮೇಲೆ ಕೂಸಿನ ಗಲ್ಲ ಸವರಿದಂತೆ ಸವರಿದಳು. "ಎಪ್ಪಾ, ಇದಕ್ಕ ಇನ್ನೂ ಹಲ್ಲ ಬಂದಿಲ್ಲಲ್ಲೋ!" ಅಂದಳು. ಆ ಹಲ್ಲಿಲ್ಲದ ಕೂಸನ್ನು ಎರಡು ಹಂಗಾಮು ಬೆಳೆಸಿ ಹೆಚ್ಚಿಸಿದ್ದಾಳೆ. ದನ ಕಾಯಲು ಅಂಚಿನಲ್ಲಿ ನಿಂತಿದ್ದದ್ದು ಈಗ ಹೊಲದ ನಡುವೆ ಗೌಡಕಿ ಮಾಡುತ್ತಿದೆ. ಮಂಜರಿಯ ಕೇಂದ್ರದ ದಾಖಲೆಯಲ್ಲಿ ಅದಕ್ಕೆ ಮಾರುದ್ದದ ನಂಬರು. ಪೊಟ್ಟಣದ ಮೇಲೆ ಮಾತ್ರ ಅವಳು ಪೆನ್ಸಿಲಿನಿಂದ ಬರೆಯುವುದು: ಲೀಲಾ–೪೩.

ಹೋದ ವರ್ಷದ ಸುಗ್ಗಿಯಲ್ಲಿ ಸ್ವಲ್ಪ ಹಿಂಡಿದ್ದೆ. ಒಂದು ಬಾಟಲಿ ಅದು, ಒಂದು ಬಾಟಲಿ ಪೇಟೆಯ ಕುಸುಬಿ, ಎರಡನ್ನೂ ಗಾಣದ ಮೇಲಿನ ಹಲಗೆಯಲ್ಲಿ, ಬಿಸಿಲು ಬೀಳುವಲ್ಲಿ ಇಟ್ಟೆ. ಪೇಟೆಯದು ಮೂರು ತಿಂಗಳಿಗೆ ನನ್ನ ಹಳೆಯ ಬೋರ್ಡಿನ ಹೆಸರಿಗೆ ತಕ್ಕುದಾಯಿತು. ಇನ್ನೊಂದು ಹನ್ನೊಂದು ತಿಂಗಳಾದರೂ ಹಾಗೆಯೇ ಇದೆ. ಅದೇ ಎಣ್ಣೆಯಲ್ಲಿ ಕರಿದ ದೀಪಾವಳಿಯ ಚಕ್ಕುಲಿಯ ಕೊನೆಯದನ್ನು ಮೊನ್ನೆ ಶಿವರಾತ್ರಿಯ ಉಪವಾಸ ಬಿಟ್ಟು ತಿಂದೆವು. ತಿನ್ನುವ ಮೊದಲು, ಆ ದಿನ ಮೂಸಬೇಕಾಗಿದ್ದ ಹಾಗೆ, ಮೂಸಿದೆ.

ಹಾಗಿದ್ದರೆ ಇಷ್ಟು ದಿನ ಏಕೆ ಬರೆಯಲಿಲ್ಲ? ನಿಜ ಹೇಳುತ್ತೇನೆ, ನಾನು ಸಂದಿ ಹುಡುಕುತ್ತಿದ್ದೆ. ಎಣ್ಣೆ ಎರಡು ಎಂದು ನೀವು ಅಂದಿರಿ, ಸರಿ. ನಾನೇನೂ ಬೆರೆಸಿಲ್ಲ ಎಂದು ನಾನು ಅಂದೆ, ಅದೂ ಸರಿ. ಬೆರಕೆ ಅಂಗಡಿಯಲ್ಲಿ ಆಗಿರಲಿಲ್ಲ, ಹೊಲದ ಅಂಚಿನಲ್ಲಿತ್ತು, ಕಾಳಿನ ಹೊಟ್ಟೆಯಲ್ಲಿತ್ತು. ಇಬ್ಬರೂ ಸರಿ ಎಂದಾದರೆ ಬರೆದುಕೊಡುವವರು ಯಾರು? ಈ ವಾದವನ್ನು ನನ್ನ ಮನೆಯವಳು ರೇಣುವಿನ ಮುಂದೆ ಇಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಅಕ್ಕಾರು ಎರಡು ಚಕ್ಲಿ ಮೂಸಿ ಮಾತಾಡಿದ್ರು. ನೀವು ಮೂಸದ ಮಾತಾಡಿದ್ರಿ. ಬರದ ಕೊಡ್ರಿ, ಕೈ ಏನ್ ಸವೀತದ?" ಅಂದಳು. ಹತ್ತೊಂಬತ್ತು ವರ್ಷದ ನನ್ನ ವ್ಯಾಪಾರದ ಮಾತನ್ನು ಒಂದು ರೊಟ್ಟಿಯ ಹೊತ್ತಿನಲ್ಲಿ ಮುಗಿಸಿದಳು.

ಅದರ ಮೇಲೆ ಹೋದ ವಾರ ಸುಖೇಶ ಬಂದು ಇನ್ನೊಂದು ಸುದ್ದಿ ಹೇಳಿದ. ಕ್ಯಾಂಟೀನಿನ ಮೇಲಿನ ಮನೆಯಲ್ಲಿ ಮಲಗಿದ್ದ ನೀವು ಬೆಳಿಗ್ಗೆ ಎದ್ದು ಕೂತು, "ಯಾರು ಮಾರಾಯ ಸಾರಿಗೆ ಇಂಗು ಸುಟ್ಟದ್ದು?" ಎಂದು ಮೇಲಿಂದ ಕೂಗಿದಿರಂತೆ. ಕೆಳಗೆ ನಿಜವಾಗಿಯೂ ಇಂಗು ಸುಟ್ಟಿತ್ತಂತೆ. ಹೇಳುತ್ತ ಹೇಳುತ್ತ ಅವನು ನಕ್ಕ, ಕಣ್ಣೂ ಒರೆಸಿಕೊಂಡ. ಮರುದಿನ ಮತ್ತೆ ಏನೂ ಇಲ್ಲ, ಆಮೇಲೆ ಒಂದು ದಿನ ಕಾಫಿ ತಿಳಿಯಿತು, ಮತ್ತೆ ಇಲ್ಲ ಎಂದ. ಆ ಸುದ್ದಿಯನ್ನು ಮಂಜರಿಗೆ ಹೇಳಿದೆ. ಅವಳು ಏನಂದಿರಬೇಕು ಹೇಳಿ ನೋಡೋಣ? "ಹೋಗಿಲ್ಲ ಕಾಕಾ, ಅಡಗಿ ಕುಂತದ."

ಆದ್ದರಿಂದ ಇನ್ನು ತಡ ಮಾಡುವುದಿಲ್ಲ. ಕೆಳಗಿನದನ್ನು ನೀವು ಚೌಕಟ್ಟು ಹಾಕಿಸಿ ಕ್ಯಾಂಟೀನಿನಲ್ಲಿ ತೂಗುಹಾಕಿದರೂ ನನ್ನ ತಕರಾರಿಲ್ಲ:

ಚಂದನನಗರದ ಎಣ್ಣೆ ಗಾಣದ ಸಿದ್ರಾಮಪ್ಪನಾದ ನಾನು ಬರೆದುಕೊಟ್ಟದ್ದು ಏನೆಂದರೆ, ಲೀಲಾಕ್ಷಿ ಅಕ್ಕನವರ ಮೂಗು ಸರಿಯಿತ್ತು. ನಲವತ್ತಮೂರಕ್ಕೆ ನಲವತ್ತಮೂರೂ ಸರಿಯಿತ್ತು. ನಾನು ಮೂಸದೆ ಮಾತಾಡಿದೆ. ಅವರ ಊರನ್ನು ಆಡಿಕೊಂಡೆ. ಅವರ ಕಾಲ ಬಳಿ ಗಂಟು ಎಸೆದೆ. ತಪ್ಪಾಯಿತು. ಯಾರ ಒತ್ತಾಯವೂ ಇಲ್ಲದೆ, ರೇಣುವಿನದು ಬಿಟ್ಟು, ಬರೆದಿದ್ದೇನೆ.

ಸುಖೇಶನ ವ್ಯಾನಿನಲ್ಲಿ ಈ ಕಾಗದದ ಜೊತೆ ಒಂದು ಡಬ್ಬಿ ಬರುತ್ತದೆ. ಈ ಸುಗ್ಗಿಯ ಮೊದಲ ಹಿಂಡು, ಲೀಲಾ–೪೩ರದ್ದೇ. ಮುಚ್ಚಳ ತೆರೆದು ಮೂಸಿ. ವಾಸನೆ ತಿಳಿದರೆ ಸಂತೋಷ. ತಿಳಿಯದಿದ್ದರೆ ಮುಚ್ಚಿಟ್ಟು, ಮುಂದಿನ ತಿಂಗಳು ಮತ್ತೆ ತೆರೆಯಿರಿ. ಆಗಲೂ ಇಲ್ಲವಾದರೆ ಅದರ ಮುಂದಿನ ತಿಂಗಳು. ಅವಸರ ಮಾಡುವ ಎಣ್ಣೆ ಅಲ್ಲ ಇದು. ನಿಮ್ಮ ಮೂಗು ಬರುವವರೆಗೆ ಕಾಯಲು ಅದಕ್ಕೆ ಬರುತ್ತದೆ. ಕೆಟ್ಟರೆ ವಾಪಸ್ ಕಳಿಸಿ. ಕೆಂಪು ವಹಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಹಾಳೆ ಖಾಲಿ ಬಿಟ್ಟಿದ್ದೇನೆ. ಅದು ಖಾಲಿಯೇ ಉಳಿಯುತ್ತದೆ ಎಂದು ಪಂಥ.

ಡಬ್ಬಿಯ ಹಿಡಿಕೆಗೆ ಹೊಸ ಕರವಸ್ತ್ರದಲ್ಲಿ ಒಂದು ಮುಷ್ಟಿ ಕಾಳು ಕಟ್ಟಿದ್ದೇನೆ. ಈ ಸಲ ಎಸೆದದ್ದಲ್ಲ. ಎರಡು ಕಾಳು ಕುಂಡದಲ್ಲಿ ಹಾಕಿ, ಉಳಿದದ್ದು ಮೆಣಸಿನಕಾಯಿ ಡಬ್ಬದಲ್ಲಿರಲಿ. ಜಿದ್ದು ಮುಗಿದರೂ ಉಗ್ರಾಣ ಮುಚ್ಚಬೇಡಿ.

ಭುಜಂಗ ಶೆಟ್ಟರಿಗೆ ನನ್ನ ನಮಸ್ಕಾರ. ನಿಮ್ಮ ಒಲೆ ಆರದಿರಲಿ, ಬಾಣಲೆ ಬರಿದಾಗದಿರಲಿ, ಕೆಳಗೆ ಇಂಗು ಸುಟ್ಟಾಗಲೆಲ್ಲ ಮೇಲಿಂದ ನಿಮ್ಮ ಬೈಗುಳ ಕೇಳುತ್ತಿರಲಿ. ಈ ದೀಪಾವಳಿಗೆ ತಾಟು ಹೊತ್ತು ನಾನೇ ಬರುತ್ತೇನೆ. ಬಾಗಿಲಲ್ಲಿ ನಿಂತಾಗ ಹಳೆಯ ಹೆಸರಿನಿಂದಲೇ ಕರೆಯಬೇಕು, ಗೆರೆ ಹಾಕದೆ.

ನಿಮ್ಮ ತಮ್ಮ,
ಘಾಣದ ಸಿದ್ರಾಮಪ್ಪ

ತಾ.ಕ.: ಖರ್ಚು ಬರೆದ ಮೇಲೆ ಜಮೆ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಭೀಮವ್ವನಿಗೆ: ತವರಿನ ಬೀಜ ವಾಪಸ್, ಮುಳ್ಳು ಕಳೆದು. ಮಂಜರಿಗೆ: ಒಂದು ಹೊಸ ತಳಿ, ಮತ್ತು ಮೆಣಸಿನ ಗಂಟು ಬಿಚ್ಚುವಾಗ ಮೂಗು ಕಟ್ಟಿಕೊಳ್ಳುವ ಬುದ್ಧಿ. ರೇಣುವಿಗೆ: ಗಂಡನ ಮೇಲೆ ಇನ್ನೊಂದು ಗೆಲುವು, ಅವಳು ಎಣಿಸುವುದನ್ನು ಬಿಟ್ಟಿದ್ದಾಳೆ. ಸುಖೇಶನಿಗೆ: ಶಿವರಾತ್ರಿಯವರೆಗೂ ಕೆಡದ ದೀಪಾವಳಿ ಚಕ್ಕುಲಿ. ನನಗೆ: ಕಲಬೆರಕೆಯವನಲ್ಲ ಎಂಬ ಯಂತ್ರದ ಕಾಗದ ಒಂದು, ಅಕ್ಕ ಒಬ್ಬರು. ನಿಮಗೆ: ಬರವಣಿಗೆಯಲ್ಲಿ ಒಂದು ತಪ್ಪೊಪ್ಪಿಗೆ, ಒಂದು ಡಬ್ಬಿ ಎಣ್ಣೆ, ಮತ್ತು ಬೇಕಾದಷ್ಟು ಸಮಯ.